ಲೆಕ್ಕದ ಮೇಷ್ಟ್ರ ಕುಮಾರವ್ಯಾಸ

ಒಂಬತ್ತನೇ ತರಗತಿಯಲ್ಲಿ ನಮಗೆ ಭಾಮಿನಿ ಷಟ್ಪದಿ ಕಲಿಸಿದವರು ಲೆಕ್ಕದ ಮೇಷ್ಟ್ರು. ಕನ್ನಡದ ಮೇಡಂ ವರ್ಗವಾಗಿ ಹೋಗಿದ್ದರು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. "ಕಾವ್ಯ ನಂಗೆ ಅಷ್ಟಕ್ಕಷ್ಟೇ ಕಣ್ರೋ, ಲೆಕ್ಕ ಬರುತ್ತೆ" ಎನ್ನುತ್ತಲೇ ಕುಮಾರವ್ಯಾಸನನ್ನು ಬೋರ್ಡಿಗೆ ಹತ್ತಿಸಿದರು. ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ 14 ಮಾತ್ರೆ. ಮೂರಕ್ಕೂ ಆರಕ್ಕೂ ಕೊನೆಯ ಗುರು ಸೇರಿ 23. ಒಟ್ಟು 102. ತಾಳೆಯಾಗದಿದ್ದರೆ ಎಣಿಸಿದವರ ತಪ್ಪು, ಕವಿಯದಲ್ಲ. ಡಸ್ಟರಿನಿಂದ ಮೇಜು ಕುಟ್ಟುತ್ತಾ, ಮೂರು-ನಾಲ್ಕು, ಮೂರು-ನಾಲ್ಕು, ಇಡೀ ಕ್ಲಾಸಿನ ಕೈಲಿ ಓದಿಸುತ್ತಿದ್ದರು.

ನನಗೆ ಉಗ್ಗು. ಹಾಜರಿ ಕೂಗಿದಾಗ 'ಪ್ರೆಸೆಂಟ್ ಸಾರ್' ಅನ್ನುವುದಕ್ಕೂ ಪಕ್ಕದವನೇ ಬೇಕಿತ್ತು. ಆ ಡಸ್ಟರಿನ ತಾಳಕ್ಕೆ ಮಾತ್ರ ನಾಲಿಗೆ ಎಡವುತ್ತಿರಲಿಲ್ಲ. ಮೇಷ್ಟ್ರು ಗಮನಿಸಿದರು, ಹೊಗಳಲಿಲ್ಲ, ಕನಿಕರವನ್ನೂ ತೋರಲಿಲ್ಲ. ಮರುದಿನದಿಂದ ಮೊದಲು ಪದ್ಯ ಓದುವ ಕೆಲಸ ನನ್ನದಾಯಿತು, ಅಷ್ಟೇ. ಪಕ್ಕದವನಿಗೆ ಕೊಂಚ ಬೇಸರವಾಗಿದ್ದಿರಬೇಕು.

(ಉಗ್ಗು ವಾಸಿಯಾಯಿತೆಂದು ತಿಳಿಯಬೇಡಿ, ಆಗಿಲ್ಲ.) ಸೆಮಿನಾರಿನಲ್ಲಿ ಪ್ರಬಂಧ ಓದಲು ನಿಂತರೆ ನನ್ನ ಎಡಗೈ ಬೆರಳು ಪೋಡಿಯಂನ ಮರೆಯಲ್ಲಿ ಮೆಲ್ಲಗೆ ಕುಟ್ಟುತ್ತಿರುತ್ತದೆ. ಛಂದಸ್ಸೆಂದರೆ ಒಣ ಶಾಸ್ತ್ರ ಎಂದು ಮೂಗು ಮುರಿಯುವ ಗೆಳೆಯರು ನಮ್ಮ ವಿಭಾಗದಲ್ಲಿ ಬೇಕಾದಷ್ಟಿದ್ದಾರೆ. ನಾನು ವಾದಕ್ಕೆ ಇಳಿಯುವುದಿಲ್ಲ.