ಹಾಸು ಮತ್ತು ಹೊಕ್ಕು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ. ತಂದೆಯವರು ಬೆಟಗೇರಿಯಲ್ಲಿ ಮಗ್ಗದ ಮುಂದೆ ಕುಳಿತು ಸೀರೆ ನೇಯುವವರು. ನಾನು ಗಣಕಯಂತ್ರದ ಮುಂದೆ ಕುಳಿತು ಲೆಕ್ಕ ಮಾಡುವವನು! ಹೀಗೊಂದು ಜಂಬ ನನ್ನಲ್ಲಿತ್ತು. ಅದು ಇಳಿದ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ.

ಸಂಜೆಯ ಹೊತ್ತು ಗದಗಿನ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ರೈತರು ಅಲ್ಲಿಯ ಉದ್ರಿ ಗಿರಾಕಿಗಳು. ಅವರ ಖಾತೆಗಳಿಗಾಗಿ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ನಾನೇ ಒಂದು ಫಾರ್ಮ್ ಕಟ್ಟಿದೆ. ಗಿರಾಕಿಯ ಹೆಸರು, ಊರು, ಕೆಳಗಿನ ಚೌಕದಲ್ಲಿ ಬಾಕಿ. ತೆರೆದು ನೋಡಿದರೆ ಮೊದಲನೆಯ ಗಿರಾಕಿಯ ಬಾಕಿ ಪೈಸೆಗೆ ಪೈಸೆ ಸರಿ! ಅಷ್ಟಕ್ಕೇ ತೃಪ್ತನಾದೆ.

ಹೆಸರುಕಾಳು ಬಿತ್ತುವ ಕಾಲ ಬಂತು. ಮುಂಡರಗಿ ಕಡೆಯ ಮುದುಕರೊಬ್ಬರು ಬೀಜ ಕೇಳಿದರು. ಪರದೆ ನೋಡಿ, “ಹಳೇ ಬಾಕಿ ಅದರೀ, ಯಜಮಾನ್ರ” ಎಂದೆ. “ಯುಗಾದಿಗೇ ಮುಟ್ಟಿಸೇನಲ್ಲಪಾ” ಎಂದರು. ಯಂತ್ರ ಸುಳ್ಳಾಡೀತೇ? ಅವರು ಬರಿಗೈಯಲ್ಲಿ ಹೋದರು.

ರಾತ್ರಿ ಮನಸ್ಸು ತಡೆಯದೆ ಹಳೆಯ ಕಿರ್ದಿ ತೆಗೆದೆ. ಮುದುಕರ ಮಾತೇ ನಿಜ. ಪರದೆಯ ಮೇಲಿದ್ದುದು ಪಟ್ಟಿಯ ಮೊದಲನೆಯವರ ಬಾಕಿ!

ಫಾರ್ಮ್ ತೆರೆಯುವಾಗ ಘಟನೆಗಳು ಸಾಲಾಗಿ ಬರುತ್ತವೆ: ಓಪನ್, ಲೋಡ್, ರೀಸೈಜ್, ಆಕ್ಟಿವೇಟ್, ಕರೆಂಟ್. ಬಾಕಿ ಕೂಡಿಸುವ ಸಾಲುಗಳನ್ನು ನಾನು ಲೋಡ್‌ನಲ್ಲಿ ಬರೆದಿದ್ದೆ. ಪರೀಕ್ಷೆಗೆಂದು ಲೋಡ್, ಕರೆಂಟ್ ಎರಡರಲ್ಲೂ ತಮ್ಮ ತಮ್ಮ ಹೆಸರು ಹೇಳುವ ಮೆಸೇಜ್ ಬಾಕ್ಸ್ ಇಟ್ಟೆ. ತೆರೆದಾಗ ಎರಡೂ ಕೂಗಿದವು. ಮುಂದಿನ ಗಿರಾಕಿಗೆ ಸರಿದಾಗ ಕರೆಂಟ್ ಒಂದೇ ಕೂಗಿತು. ಲೋಡ್ ಮೊದಲೊಮ್ಮೆ ಮಾತ್ರ. ಕರೆಂಟ್ ಪ್ರತಿ ದಾಖಲೆಗೂ.

ಮನೆಯಲ್ಲಿ ಇದನ್ನೆಲ್ಲ ಹೇಳಿದೆ. ಅಕ್ಷರ ಬಾರದ ತಂದೆಯವರು ನಕ್ಕು, “ಹಾಸು ಒಮ್ಮೆ ಹೂಡತೀವಿ; ಹೊಕ್ಕು ಎಳಿ ಎಳಿಗೂ ಹಾಕಬೇಕಲ್ಲೇನೋ?” ಎಂದರು. ನಾನು ಎರಡು ರಾತ್ರಿ ತಿಣುಕಿದ್ದು ಅವರಿಗೆ ಒಂದು ಮಾತು!

ಆ ಸಾಲುಗಳನ್ನು ಕರೆಂಟ್‌ಗೆ ಒಯ್ದೆ. ಹೊಸ ಖಾಲಿ ದಾಖಲೆಗೆ ಸೊನ್ನೆ ತೋರಿಸುವಂತೆ ಮಾಡಿದೆ. ಈ ಸಲ ಮೊದಲಿನ, ನಡುವಿನ, ಕೊನೆಯ ಖಾತೆಗಳನ್ನೆಲ್ಲ ಕಿರ್ದಿಗೆ ಹೋಲಿಸಿದೆ.

ಮರುದಿನ ಬೀಜದ ಚೀಲ ಹೊತ್ತು ಮುಂಡರಗಿಯ ಬಸ್ಸು ಹತ್ತಿದೆ. ಮುದುಕರು ಸಿಟ್ಟಾಗಲಿಲ್ಲ. “ಮಿಷನ್ನಿಗೇನ ಗೊತ್ತೋ ತಮ್ಮಾ, ನೀ ಕಿರ್ದಿ ನೋಡಬೇಕಿತ್ತು” ಎಂದರು, ಮಜ್ಜಿಗೆ ಕೊಟ್ಟರು. ಹೊಲದ ಹದ ಇನ್ನೂ ಆರಿರಲಿಲ್ಲ. ಅದು ನನ್ನ ಪುಣ್ಯ.