ಹದ ಬರುವ ತನಕ

ನಾನು ಏಳನೇ ಇಯತ್ತೆ ಪಾಸಾದ ಬೇಸಿಗೆಯಲ್ಲಿ ಕೃತ್ತಿಕೆ ಮಳೆ ಹಿಡಿದದ್ದು ರೋಹಿಣಿ ಕಳೆದರೂ ಬಿಡಲಿಲ್ಲ. ನವಲಗುಂದ ಸೀಮೆಗೆ ಮಲಪ್ರಭಾ ಕಾಲುವೆ ಬರುವ ಮೊದಲಿನ ಮಾತು ಇದು. ಮೇ 25ರ ಹೊತ್ತಿಗೆ ರೋಹಿಣಿ ಕೂಡುತ್ತದೆ, ಜೂನ್ 7–8ಕ್ಕೆ ಮೃಗಶಿರ. ಅಷ್ಟರೊಳಗೆ ಹೆಸರು ನೆಲಕ್ಕೆ ಬೀಳಬೇಕು ಎಂಬುದು ಹಿರಿಯರ ಲೆಕ್ಕ. ಆದರೆ ನಮ್ಮೂರ ಸುತ್ತಿನದು ಕಣ್ಣು ಹಾಯುವಷ್ಟೂ ಸಪಾಟು ಎರೆ ಹೊಲ. ಬಿದ್ದ ನೀರು ಹರಿದುಹೋಗಲು ಇಳಿಜಾರಿಲ್ಲ. ಎರೆ ಮಣ್ಣು ನೀರು ಕುಡಿದು ಉಬ್ಬಿ, ಬೇಸಿಗೆಯ ಬಿರುಕುಗಳನ್ನೆಲ್ಲ ಮುಚ್ಚಿಕೊಂಡಿತೆಂದರೆ ಮೇಲಿನ ನೀರು ಮೇಲೆಯೇ ನಿಲ್ಲುತ್ತಿತ್ತು.

ಅಜ್ಜ ದಿನಾ ಮುಂಜಾನೆ ಕಂಬಳಿ ಕೊಪ್ಪೆ ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಹೊಲಕ್ಕೆ ಹೊರಡುತ್ತಿದ್ದ. ಆ ಕಂಬಳಿಗೆ ಇಪ್ಪತ್ತೈದು ರೂಪಾಯಿ ಕೊಟ್ಟಿದ್ದನ್ನು ಅಜ್ಜಿ ಮಳೆಗಾಲ ಪೂರ್ತಿ ನೆನೆಸುತ್ತಿದ್ದಳು. ನೆನೆದ ಕುರಿಯುಣ್ಣೆಯ ಆ ಕಮಟು ವಾಸನೆಯಿಂದಲೇ ಅಜ್ಜ ಬಂದದ್ದು ನಮಗೆ ಗೊತ್ತಾಗುತ್ತಿತ್ತು. ಹೊಲದಲ್ಲಿ ಅವನು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಎದೆಯೆತ್ತರದಿಂದ ಕೆಳಗೆ ಬಿಡುತ್ತಿದ್ದ. ಒಡೆದು ಪುಡಿಯಾದರೆ ಹದ. ಉಂಡೆ ಹಾಗೆಯೇ ಉಳಿದರೆ ಮನೆ ದಾರಿ. "ಇನ್ನ ಹದಾ ಬಂದಿಲ್ಲೋ ತಮ್ಮಾ. ಈಗ ಕೂರಿಗಿ ಹೂಡಿದ್ರ ನೆಲಾ ಇಟ್ಟಂಗಿ ಆಕ್ಕೈತಿ" ಎನ್ನುತ್ತಿದ್ದ.

ಮನೆಯಲ್ಲಿ ಬೇರೆಯೇ ಪಾಡು. ನಮ್ಮದು ಮಣ್ಣಿನ ಮಾಳಿಗೆ. ಗಾಡಿಗೆ ಎರಡು ರೂಪಾಯಿಯಂತೆ ಹಾಳುಮಣ್ಣು ತರಿಸಿ ಮಳೆಗಾಲಕ್ಕೆ ಮುಂಚೆ ಹಾಸುವುದು ರೂಢಿ. ಆ ವರ್ಷ ಮಳೆಯೇ ಮುಂಚೆ ಬಂದಿತ್ತು. ಪಡಸಾಲೆಯ ತುಂಬ ಸೋರುವ ಕಡೆಯೆಲ್ಲ ಕೊಡ, ಕೊಪ್ಪರಿಗೆ, ಚರಿಗೆ. ಕುಳ್ಳು, ಹತ್ತಿಕಟ್ಟಿಗೆ ತೊಯ್ದು ಒಲೆ ಹೊತ್ತುತ್ತಿರಲಿಲ್ಲ. ಅವ್ವ ಊದುಗೊಳವೆ ಹಿಡಿದು ಕಣ್ಣೀರು ಸುರಿಸುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ಅಡಕಲ ಗಡಿಗೆಗಳಲ್ಲಿ ಬೂದಿ ಬೆರೆಸಿಟ್ಟ ಬೀಜದ ಹೆಸರಿಗೆ ಮಾತ್ರ ಹನಿ ತಾಗಗೊಡಲಿಲ್ಲ.

ಹಗೇವಿಗೆ ನೀರು ಹೊಕ್ಕಿದೆ ಎಂಬ ಅನುಮಾನ ಬಂದ ದಿನ ಓಣಿಯೇ ನೆರೆಯಿತು. ನೆಲದೊಳಗಿನ ಆ ಕಣಜದ ಬಾಯಿ ತೆಗೆದು, ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ದೀಪ ಆರಲಿಲ್ಲ, ಆಮೇಲೆ ಆಳು ಇಳಿದ. ತಳದ ಜೋಳ ಮುಗ್ಗು ಹಿಡಿದು ಕೆಂಪಾಗಿತ್ತು. ಚೆಲ್ಲುವಂತಿರಲಿಲ್ಲ, ಒಣಗಿಸಲು ಬಿಸಿಲಿರಲಿಲ್ಲ. ಶ್ರಾವಣದ ತನಕ ಆ ಹುಳಿ ವಾಸನೆಯ ರೊಟ್ಟಿಯನ್ನೇ ತಿಂದೆವು.

ಬೆಣ್ಣೆಹಳ್ಳದ್ದು ಇನ್ನೊಂದು ಕಾಟ. ಅದು ಹುಟ್ಟುವುದು ಶಿಗ್ಗಾಂವಿ ಸೀಮೆಯಲ್ಲಿ, ಸೇರುವುದು ಮಲಪ್ರಭೆಯನ್ನು. ನಮ್ಮಲ್ಲಿ ಬಿಸಿಲಿದ್ದರೂ ಮೇಲೆ ಮಳೆಯಾದರೆ ಸಾಕು, ಕೆಂಪು ನೀರು ಹೊಲಕ್ಕೇರುತ್ತಿತ್ತು. ಹಳ್ಳ ಬಂದು ದಾರಿ ಕಟ್ಟಿತು, ಸಂತೆ ತಪ್ಪಿತು. ಸೀಸೆಗೆ ಎಂಟಾಣೆ ಇದ್ದ ಚಿಮಣಿ ಎಣ್ಣೆ ಹನ್ನೆರಡಾಣೆಗೆ ಹತ್ತಿತು. ನಾವು ಹುಡುಗರು ದಂಡೆಗೆ ನಿಂತು ತೇಲಿಬರುವ ಕಣಿಕೆ ಸಿವುಡು ಎಣಿಸುತ್ತಿದ್ದೆವು. ಅವು ಯಾರದೋ ದನದ ಮೇವು ಎಂಬುದು ಹೊಳೆಯುವ ವಯಸ್ಸಲ್ಲ ಅದು.

ಮಣ್ಣೆತ್ತಿನ ಅಮಾವಾಸ್ಯೆಗೆ ಎರೆ ಮಣ್ಣು ಅಂಗಳದಲ್ಲೇ ಸಿಕ್ಕಿತು. ಮಾಡಿದ ಎತ್ತುಗಳು ಒಣಗದೆ ಕಾಲು ಮಡಚಿ ಕೂತವು. ಅಜ್ಜಿ ಅವನ್ನು ಗ್ವಾದಲಿಯಲ್ಲಿಟ್ಟು ಹಾಗೆಯೇ ಪೂಜೆ ಮಾಡಿದಳು.

ಕೊನೆಗೆ ಗಾಳಿ ತಿರುಗಿ ಹೊಲ ಆರಿದಾಗ ಎಲ್ಲರಿಗೂ ಒಂದೇ ದಿನ ಕೂರಿಗೆ ಬೇಕಾಯಿತು. ಸವಾ ರೂಪಾಯಿ ಕೂಲಿಯ ಹೆಣ್ಣಾಳಿಗೆ ಎರಡು ಕೊಟ್ಟು ಕರೆದರು. ಉಡಿಯಲ್ಲಿ ಬೀಜ ಕಟ್ಟಿಕೊಂಡ ಅವ್ವನೂ ಕೂರಿಗೆಯ ಹಿಂದೆ ನಡೆದಳು. ಆದರೂ ಅಜ್ಜ ಅರ್ಧ ಹೊಲವನ್ನಷ್ಟೇ ಬಿತ್ತಿಸಿದ. ಹೆಸರು ಕೈಗೆ ಬರಲು ಅರವತ್ತು–ಎಪ್ಪತ್ತು ದಿನ ಬೇಕು. ತಡವಾಗಿ ಬಿತ್ತಿದರೆ ಕಾಯಿ ಬಿಡಿಸುವಾಗ ಮತ್ತೆ ಮಳೆ ಹಿಡಿಯುತ್ತದೆ. ಹಿಂಗಾರಿ ಜೋಳ, ಕಡಲೆಗೆ ಹೊಲ ಹರಗಲು ಹೊತ್ತು ಸಿಗುವುದಿಲ್ಲ. ಉಳಿದರ್ಧವನ್ನು ಹಿಂಗಾರಿಗೇ ಬಿಟ್ಟ. ಅಪ್ಪ ಒಪ್ಪಲಿಲ್ಲ, ಇಬ್ಬರೂ ಕೆಲ ದಿನ ಮಾತು ಬಿಟ್ಟಿದ್ದರು.

ಈಗ ಹಗೇವುಗಳ ಬಾಯಿಯ ಮೇಲೆ ಕಾಂಕ್ರೀಟ್ ರಸ್ತೆ ಬಂದಿದೆ, ಮಾಳಿಗೆ ಆರ್‌ಸಿಸಿ ಆಗಿದೆ. ಅವ್ವನ ಕಣ್ಣು ನೆನೆದರೆ ಗ್ಯಾಸ್ ಒಲೆಗಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಎನಿಸುತ್ತದೆ. ತಮ್ಮನ ಮಗ ಮೊಬೈಲಿನಲ್ಲಿ ಮೋಡ ನೋಡುತ್ತಾನೆ. ಅಜ್ಜ ವಾರ ಬಿತ್ತುತ್ತಿದ್ದ ಹೊಲವನ್ನು ಟ್ರ್ಯಾಕ್ಟರ್ ಕೂರಿಗೆಯಿಂದ ಅರ್ಧ ದಿನದಲ್ಲಿ ಮುಗಿಸುತ್ತಾನೆ. ಆ ವೇಗದಿಂದ ಎಷ್ಟೋ ವರ್ಷ ಬೆಳೆ ಉಳಿದಿದೆ. ಆದರೆ ಹಸಿ ಎರೆಯಲ್ಲಿ ಟ್ರ್ಯಾಕ್ಟರ್ ಗಾಲಿ ಎತ್ತಿನ ಗೊರಸಿಗಿಂತ ಆಳಕ್ಕೆ ಹುಗಿಯುತ್ತದೆ, ನೆಲವನ್ನು ಹೆಚ್ಚು ಒತ್ತುತ್ತದೆ. ಹಾಗಾಗಿ ಅವನೂ ಕಾಯಲೇಬೇಕು. ಹೋದ ಸಲ ಜೂನ್ ಪೂರ್ತಿ ಹೊಲದಲ್ಲಿ ನೀರು ನಿಂತಿತ್ತು. 2024–25ಕ್ಕೆ ಸರಕಾರ ಹೆಸರಿಗೆ ಕಟ್ಟಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 8,682 ರೂಪಾಯಿ. ಬಿತ್ತದೆ ಬಿಡಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಏನು ಮಾಡಲೆಂದು ನನ್ನನ್ನು ಕೇಳಿದ. ಆರಿದ್ರ ಕೂಡಿದ ಮೇಲೆ ಹೆಸರು ಬೇಡ, ಕಡಲೆಗೆ ಹರಗಿಡು ಎಂದೆ. ಅವನು ಅರ್ಧ ಬಿತ್ತಿದ, ಅರ್ಧ ಬಿಟ್ಟ.