ಶಾಲೆಯ ಗೋಡೆಯ ಮೇಲೊಂದು ಪೆಟ್ಟಿಗೆ

2024ರ ಸೆಪ್ಟೆಂಬರಿನಲ್ಲಿ ನಾನು ಲಾಸ್ ಏಂಜಲೀಸ್ ಹತ್ತಿರವಿರುವ ಮಗಳ ಮನೆಯಲ್ಲಿದ್ದೆ. ಮೊಮ್ಮಗ ಆಗಷ್ಟೇ ಒಂಬತ್ತನೆಯ ತರಗತಿ ಸೇರಿದ್ದ. ಒಂದು ಸಂಜೆ ಅವನ ಶಾಲೆಯಲ್ಲಿ ಪಾಲಕರ ಸಭೆ. ಅಳಿಯನಿಗೆ ಬಿಡುವಿರಲಿಲ್ಲ, ಮಗಳ ಜೊತೆ ನಾನೇ ಹೊರಟೆ. ಮೂವತ್ತು ವರ್ಷ ಮುಂಬಯಿಯಲ್ಲಿ ಮಾಸ್ತರನಾಗಿದ್ದವನಿಗೆ ಪಾಲಕರ ಸಭೆ ಹೊಸದೇ? ಪರೀಕ್ಷೆ, ಅಂಕ, ಶುಲ್ಕ, ಇಷ್ಟೇ ತಾನೆ ಎಂದುಕೊಂಡಿದ್ದೆ.

ಆದರೆ ಮೊದಲು ಮಾತಿಗೆ ನಿಂತವರು ಶಾಲೆಯ ನರ್ಸ್. ಅವರ ಕೈಯಲ್ಲಿ ಮೂಗಿಗೆ ಬಿಡುವ ಒಂದು ಪುಟ್ಟ ಬಿಳಿ ಸ್ಪ್ರೇ, ಎದುರಿನ ಮೇಜಿನ ಮೇಲೆ ಒಂದು ರಬ್ಬರಿನ ಬೊಂಬೆ. "ನಿಮ್ಮ ಮಗು ಶಾಲೆಯ ಶೌಚಾಲಯದಲ್ಲಿ ಹೀಗೆ ಬಿದ್ದಿದ್ದರೆ, ಮೊದಲು ನೋಡಿದವರು ಏನು ಮಾಡಬೇಕು?" ಎಂದು ಕೇಳಿದರು. ಸಭೆ ಗಪ್‌ಚಿಪ್ಪಾಯಿತು. ಮಗಳು ನನ್ನ ಕೈ ಒತ್ತಿ, "ಅಪ್ಪ, ಗಾಬರಿಯಾಗಬೇಡಿ. ಇಲ್ಲಿ ಈಗ ಎಲ್ಲ ಕಡೆ ಇದನ್ನು ಹೇಳಿಕೊಡುತ್ತಾರೆ" ಎಂದಳು.

ಇದರ ಹಿನ್ನೆಲೆ ನಿಮಗೆ ತಿಳಿಯಬೇಕು. ಅಫೀಮಿನ ಜಾತಿಗೆ ಸೇರಿದ ಫೆಂಟನಿಲ್ ಎಂಬ ಔಷಧವಿದೆ. ಆಸ್ಪತ್ರೆಯಲ್ಲಿ ನೋವು ಶಮನಕ್ಕೆ ಬಳಸುವಂಥದು, ಮಾರ್ಫಿನ್‌ಗಿಂತ ಸುಮಾರು ನೂರು ಪಟ್ಟು ಪ್ರಬಲ. ಕಳ್ಳಸಾಗಣೆಯವರು ಇದನ್ನು ಬೆರೆಸಿ, ಔಷಧದಂಗಡಿಯ ಮಾತ್ರೆಯಂತೆಯೇ ಕಾಣುವ ನಕಲಿ ಮಾತ್ರೆ ಮಾಡುತ್ತಾರೆ. ಎರಡೇ ಮಿಲಿಗ್ರಾಂ ಪ್ರಾಣ ತೆಗೆಯಬಲ್ಲದು. ಓದಿನ ಒತ್ತಡಕ್ಕೋ ಗೆಳೆಯರ ಮಾತಿಗೋ ಒಂದು ಮಾತ್ರೆ ನುಂಗಿದ ಹುಡುಗನಿಗೆ ಅದರೊಳಗೆ ಏನಿದೆಯೆಂದು ಗೊತ್ತಿರುವುದಿಲ್ಲ. 2021ರಲ್ಲಿ ಆ ದೇಶದಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. 2024ರಲ್ಲಿ ಈ ಸಂಖ್ಯೆ ಸುಮಾರು 80,000ಕ್ಕೆ ಇಳಿಯಿತು. ಆದರೂ ಅದು ಚಿಕ್ಕ ಸಂಖ್ಯೆಯೇ?

2022ರ ಸೆಪ್ಟೆಂಬರಿನಲ್ಲಿ ಹಾಲಿವುಡ್ ಭಾಗದ ಒಂದು ಪ್ರೌಢಶಾಲೆಯ ಶೌಚಾಲಯದಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಇಂಥ ಮಾತ್ರೆಗೆ ಬಲಿಯಾದಳು. ಅದೇ ತಿಂಗಳು ಲಾಸ್ ಏಂಜಲೀಸ್ ಶಾಲಾ ಆಡಳಿತ ತನ್ನ ಎಲ್ಲ ಶಾಲೆಗಳಲ್ಲೂ ನಲೋಕ್ಸೋನ್ ಇಡುವುದಾಗಿ ಘೋಷಿಸಿತು. ನರ್ಸ್ ಕೈಯಲ್ಲಿದ್ದ ಸ್ಪ್ರೇ ಅದೇ. ಮರುವರ್ಷ ವಿದ್ಯಾರ್ಥಿಗಳೂ ಅದನ್ನು ಚೀಲದಲ್ಲಿಟ್ಟುಕೊಳ್ಳಬಹುದೆಂದಾಯಿತು. 2023ರಿಂದ ಅಲ್ಲಿ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿಯೇ ಕೊಳ್ಳಬಹುದು.

ನರ್ಸ್ ಹೇಳಿಕೊಟ್ಟ ಪಾಠ ಸರಳ. ಬಿದ್ದವನ ಹೆಸರು ಹಿಡಿದು ಜೋರಾಗಿ ಕೂಗಿ, ಎದೆಮೂಳೆಯನ್ನು ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿ. ಏಳುವುದಿಲ್ಲವೇ? ಉಸಿರು ನಿಧಾನವೇ, ಗೊರಗೊರ ಸದ್ದೇ, ಕಣ್ಣಪಾಪೆ ಸೂಜಿಮೊನೆಯಷ್ಟಾಗಿದೆಯೇ, ತುಟಿ ನೀಲಿಗಟ್ಟಿದೆಯೇ ನೋಡಿ. ನಮ್ಮಂಥ ಕಂದುಬಣ್ಣದವರಲ್ಲಿ ತುಟಿ ಬೂದಿಬಣ್ಣಕ್ಕೆ ತಿರುಗಬಹುದು. ತಕ್ಷಣ ಆಂಬುಲೆನ್ಸಿಗೆ ಫೋನ್ ಮಾಡಿ, ಒಂದು ಮೂಗಿನ ಹೊಳ್ಳೆಗೆ ಸ್ಪ್ರೇ ಒತ್ತಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಎರಡು ಮೂರು ನಿಮಿಷದಲ್ಲಿ ಎಚ್ಚರವಾಗದಿದ್ದರೆ ಇನ್ನೊಂದು ಸಲ. ಉಸಿರು ಬಂದ ಮೇಲೆ ಮಗ್ಗುಲಿಗೆ ಮಲಗಿಸಿ. ಎದ್ದು ಕೂತನೆಂದು ಬಿಟ್ಟು ಹೋಗಬೇಡಿ, ಔಷಧದ ಪ್ರಭಾವ ಇಳಿದ ಮೇಲೆ ವಿಷ ಮತ್ತೆ ತಲೆಯೆತ್ತಬಹುದು. ಬಿದ್ದ ಕಾರಣ ಬೇರೆಯಾಗಿದ್ದರೂ ಈ ಸ್ಪ್ರೇಯಿಂದ ಹಾನಿಯಿಲ್ಲ.

ಇನ್ನೊಂದು ಮಾತನ್ನೂ ಒತ್ತಿ ಹೇಳಿದರು: "ಇದನ್ನು ನನ್ನ ಕೋಣೆಯ ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಪ್ರಯೋಜನವಿಲ್ಲ. ಗೋಡೆಯ ಮೇಲೆ, ಎಲ್ಲರ ಕೈಗೆ ಸಿಗುವಂತಿರಬೇಕು. ಆಟದ ಮೇಷ್ಟರಿಗೂ ಬಸ್ಸಿನ ಡ್ರೈವರಿಗೂ ತಿಳಿದಿರಬೇಕು." ಪಾಲಕರೊಬ್ಬರು ಎದ್ದು, ಇದರಿಂದ ಮಕ್ಕಳಿಗೆ ಧೈರ್ಯ ಕೊಟ್ಟಂತಾಗುವುದಿಲ್ಲವೇ ಎಂದು ಕೇಳಿದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಆಮೇಲೆ ನನಗೇ ಅನ್ನಿಸಿತು, ಬಾವಿಕಟ್ಟೆಯ ಮೇಲೆ ಹಗ್ಗವಿದೆಯೆಂದು ಯಾರೂ ಬಾವಿಗೆ ಹಾರುವುದಿಲ್ಲವಲ್ಲ.

ಓದುಗರೇ, ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾರಣ ಅಮೆರಿಕವಲ್ಲ, ನಮ್ಮ ಮುಂಬಯಿ.

1986ರಲ್ಲಿ ನಾನು ಕೋಟೆ ಪ್ರದೇಶದ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಕಲಿಸುತ್ತಿದ್ದೆ. ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಕಣ್ಣುಜ್ಜುತ್ತ ಪುಸ್ತಕ ಹಿಡಿಯುವ ನಮ್ಮೂರ ಹುಡುಗರು. ಬ್ರೌನ್ ಶುಗರ್, ನಮ್ಮ ಮುಂಬಯಿ ಭಾಷೆಯಲ್ಲಿ 'ಗರ್ದ್', ಗಲ್ಲಿಗಲ್ಲಿಗೆ ಹಬ್ಬಿದ್ದ ಕಾಲ ಅದು. ಲೆಕ್ಕದಲ್ಲಿ ಚುರುಕಾಗಿದ್ದ ಒಬ್ಬ ಹುಡುಗ ತಿಂಗಳೆರಡರಿಂದ ಸೊರಗಿದ್ದ. ಕೆಲಸದ ದಣಿವೆಂದುಕೊಂಡೆ. ಒಂದು ರಾತ್ರಿ ಮೆಟ್ಟಿಲ ಕೆಳಗೆ ಬಿದ್ದಿದ್ದ. ಗೊರಕೆಯಂಥ ಸದ್ದು ಬರುತ್ತಿತ್ತು. ನಾವು ಮುಖಕ್ಕೆ ನೀರು ಚಿಮುಕಿಸಿದೆವು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದೆವು, ಅಪಸ್ಮಾರವೆಂದು ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟೆವು. ಪೋಲೀಸ್ ಕೇಸಾದೀತು, ಶಾಲೆಗೆ ಕೆಟ್ಟ ಹೆಸರು ಬಂದೀತು ಎಂದು ಯಾರೋ ಅಂದರು. ನಾನೂ ಬೇಡವೆನ್ನಲಿಲ್ಲ. ಟ್ಯಾಕ್ಸಿ ತರುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು. ಆಸ್ಪತ್ರೆ ತಲುಪುವಾಗ ಹುಡುಗ ಇರಲಿಲ್ಲ. ಊರಿನಿಂದ ಬಂದ ಅವನ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: "ಮಾಸ್ತರೇ, ನೀವು ಹತ್ತಿರವೇ ಇದ್ದಿರಲ್ಲ?"

ನಲೋಕ್ಸೋನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ. ಅದು ನಮ್ಮ ರಾತ್ರಿಶಾಲೆಯಲ್ಲಿ ಇರಲು ಸಾಧ್ಯವಿರಲಿಲ್ಲ. ಆದರೆ ಉಸಿರು ಕೊಡುವುದು ನಮಗೆ ಗೊತ್ತಿರಬಹುದಿತ್ತು. ಅಮೆರಿಕದ ಸರ್ಕಾರಿ ಸಂಸ್ಥೆ ಹೀಗೆ ಸತ್ತ ಹದಿಹರೆಯದವರ ಬಗ್ಗೆ 2022ರಲ್ಲಿ ವರದಿ ಮಾಡಿತ್ತು. ಮೂವರಲ್ಲಿ ಇಬ್ಬರ ಹತ್ತಿರ ಆ ಹೊತ್ತಿಗೆ ಯಾರಾದರೂ ಇದ್ದರು. ಹೆಚ್ಚಿನ ಕಡೆ ನೆರವು ಮಾತ್ರ ಸಿಕ್ಕಿರಲಿಲ್ಲ. ಅದನ್ನು ಓದುವಾಗ ಆ ತಾಯಿಯ ಮಾತೇ ಕಿವಿಗೆ ಬಿತ್ತು.

ನಮ್ಮಲ್ಲಿ ಫೆಂಟನಿಲ್ ಹಾವಳಿ ಅಮೆರಿಕದಷ್ಟಿಲ್ಲ ನಿಜ. ಆದರೆ 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಅಫೀಮು ಜಾತಿಯ ವಸ್ತು ಬಳಸುವವರು ದೇಶದಲ್ಲಿ ಎರಡು ಕೋಟಿಗೂ ಹೆಚ್ಚು. ಅವರಲ್ಲಿ ನಮ್ಮವರು ಯಾರೂ ಇಲ್ಲವೆಂದು ನೀವು ಎದೆ ಮುಟ್ಟಿ ಹೇಳಬಲ್ಲಿರಾ?

ಆದ್ದರಿಂದ ಒಂದು ವಿನಂತಿ. ಪ್ರತಿವರ್ಷ ನಮ್ಮ ಸಂಘ ಆರೋಗ್ಯ ಶಿಬಿರ ನಡೆಸುತ್ತದೆ, ಬಿಪಿ, ಸಕ್ಕರೆ ನೋಡಿಸಿಕೊಂಡು ಉಪ್ಪಿಟ್ಟು ತಿಂದು ಬರುತ್ತೇವೆ. ಈ ಸಲ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳೋಣ. ಒಬ್ಬ ವೈದ್ಯರು, ಒಂದು ಬೊಂಬೆ ಇದ್ದರೆ ಸಾಕು. ಶಿಕ್ಷಕರು, ಹೋಟೆಲಿನ ಹುಡುಗರು, ನಮ್ಮ ಮಕ್ಕಳು ಎಲ್ಲರೂ ಉಸಿರು ಕೊಡುವುದನ್ನು ಕಲಿಯಲಿ. 108 ಆಂಬುಲೆನ್ಸಿಗೆ, 14446 ವ್ಯಸನಮುಕ್ತಿ ಸಹಾಯವಾಣಿಗೆ. ಈ ಎರಡು ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡಿ. ಬೊಂಬೆಯ ಖರ್ಚು ನನ್ನದು. ನೀವು ಬಂದರೆ ಸಾಕು.